ನಮ್ಮವರ ಮನೆಗಳ ಮೇಲಿಂದ ಹೋಗುವ ದಾರಿ

ದಾರಿ ಹಾಕಿಕೊಳ್ಳುವುದು ಇಷ್ಟು ದಣಿಸುವ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ. ಸೈಕಲ್ ತುಳಿದು ದಣಿಯುವುದು ಬೇರೆ, ಅದಕ್ಕೆ ಒಂದು ನಿದ್ದೆ ಸಾಕು. ಇದು ಕೂತಲ್ಲೇ ಬರುವ ದಣಿವು. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಬೈಲಹೊಂಗಲದ ಒಂದು ಮನೆಯ ಕಟ್ಟೆಯ ಮೇಲೆ ಭೂಪಟ ಹಾಸಿಕೊಂಡು, ನಾನೂ ನನ್ನ ಗೆಳೆಯನೂ ಸಂಜೆಗಳನ್ನೆಲ್ಲ ಅದಕ್ಕೇ ಕೊಟ್ಟೆವು. ಕಾರವಾರದ ಕಡಲಲ್ಲಿ ಗಾಲಿ ತೋಯಿಸಿ ಹೊರಡುವುದು. ದೇಶವನ್ನು ಅಡ್ಡಕ್ಕೆ ದಾಟಿ ಆಂಧ್ರದ ಮಚಲಿಪಟ್ಟಣದಲ್ಲಿ ಇನ್ನೊಂದು ಕಡಲಿಗೆ ಗಾಲಿ ಇಳಿಸುವುದು. ಪಡುವಣದಿಂದ ಮೂಡಣಕ್ಕೇ ಹೋಗಬೇಕು ಎಂಬುದು ನನ್ನ ವಾದ. ಮಳೆಗಾಲಕ್ಕೆ ಮುಂಚಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಬೆನ್ನು ತಳ್ಳುತ್ತದೆ. ಕನ್ಯಾಕುಮಾರಿಗೆ ಹೋಗೋಣ ಎನ್ನುತ್ತಿದ್ದ ಗೆಳೆಯ ಆ ವಾದಕ್ಕೆ ಸೋತ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನನಗೆ ಸೋತವರಲ್ಲಿ ಅವನೇ ಮೊದಲಿಗ. ಸೋತ ಮೇಲೂ ಬಂದು ಚಹಾ ಕುಡಿಸಿದವನು ಅವನೊಬ್ಬನೇ, ಹಾಗಾಗಿ ಗೆಳೆಯನಾದ.

ಕಟ್ಟೆ ಅವನ ಮನೆಯದು. ಅವನ ತಂದೆ ಹತ್ತಿ ವ್ಯಾಪಾರದವರು, ಹೊಲಮನೆ ಉಳ್ಳ ಲಿಂಗಾಯತರು. ನನ್ನ ಅಪ್ಪ ಗೌಂಡಿ, ಗೋಡೆ ಕಟ್ಟುವವರು. ನಮ್ಮ ಮನೆ ಊರ ಹೊರಗಿನ ಕೇರಿಯಲ್ಲಿ. ಅಪ್ಪ ಬೌದ್ಧರಾದ ಮೇಲೆ ನಮ್ಮ ಪಡಸಾಲೆಗೆ ಬುದ್ಧನ ಪಟ ಬಂತು, ಊರಿನ ಲೆಕ್ಕದಲ್ಲಿ ಮಾತ್ರ ನಾವು ಇದ್ದಲ್ಲೇ ಇದ್ದೆವು. ಗೆಳೆಯನ ಮನೆಯ ಆ ಕಟ್ಟೆಯನ್ನು ಕಟ್ಟಿದವರೂ ಅಪ್ಪನೇ. ನಾನು ಹೋಗುತ್ತಿದ್ದುದು ಅಲ್ಲಿಯವರೆಗೆ. ಚಹಾ ಅಲ್ಲಿಗೇ ಬರುತ್ತಿತ್ತು, ನನಗೆಂದೇ ಇಟ್ಟಿದ್ದ ಗಾಜಿನ ಲೋಟದಲ್ಲಿ. ಯಾರೂ ಏನೂ ಹೇಳಿದವರಲ್ಲ. ದೇವರಿಗೆ, ಪಂಚಾಂಗಕ್ಕೆ, ಪ್ರಿನ್ಸಿಪಾಲರಿಗೆ ಎಲ್ಲರಿಗೂ ಅಡ್ಡ ಪ್ರಶ್ನೆ ಹಾಕುತ್ತಿದ್ದ ನಾನು ಆ ಲೋಟಕ್ಕೆ ಹಾಕುತ್ತಿರಲಿಲ್ಲ. ಎಲ್ಲ ಕಡೆಯೂ ವಾದಕ್ಕಿಳಿದರೆ ಮನುಷ್ಯ ಮಧ್ಯಾಹ್ನದೊಳಗೇ ಸೋತು ಮಲಗುತ್ತಾನೆ.

ಗೆಳೆಯನ ತಂದೆ ಅಂಗಡಿಯಿಂದ ಬಂದವರು ಟೋಪಿ ತೆಗೆದು ಭೂಪಟದ ಮೇಲೆ ಬಾಗುತ್ತಿದ್ದರು.

"ಇದೇನೋ, ಬರೇ ಗೆರಿ ಹೊಡದೀರಿ. ದಾರಿ ಎಲ್ಲೈತಿ?"

"ಅದ ದಾರಿ ರೀ ಕಾಕಾ," ಎಂದೆ.

"ಅದು ರಸ್ತಾ. ರಸ್ತಾದ ಮ್ಯಾಲೆ ಮಲಗತೀರೇನು? ದಾರಿ ಅಂದ್ರ ಮನಿ. ಈ ಮನಿ ಬಿಟ್ರ ಆ ಮನಿ." ಆಮೇಲೆ ಮಗನ ಕಡೆ ತಿರುಗಿ, "ಮುರಗೋಡದಾಗ ನಿಮ್ಮ ಮಾವ ಅದಾನ. ಸವದತ್ತ್ಯಾಗ ನಮ್ಮ ಕಾಕಾನ ಮಗ. ಹೂಲಿಗೆ ನಿಮ್ಮಕ್ಕನ್ನ ಕೊಟ್ಟೈತಿ. ರಾಮದುರ್ಗದಾಗ ನಿಮ್ಮತ್ತಿ. ಮುಂದ ಬಾಗಲಕೋಟಿ, ರಾಯಚೂರ, ಎಲ್ಲಾ ನಮ್ಮ ಬಳಗನ."

ಹೇಳಿದ ಹಾಗೆಲ್ಲ ಗೆಳೆಯ ಪೆನ್ಸಿಲಿನಿಂದ ಒಂದೊಂದು ಉಂಗುರ ಹಾಕಿದ. ನಾನೆಳೆದ ನೆಟ್ಟಗಿನ ಗೆರೆ ಉಂಗುರದಿಂದ ಉಂಗುರಕ್ಕೆ ಹಾವಿನಂತೆ ಹೊರಳತೊಡಗಿತು.

"ಮುರಗೋಡಕ್ಕ ಯಾಕ್ರಿ ಸುತ್ತು? ಬೆಳವಡಿ ಮ್ಯಾಲಿಂದ ಸವದತ್ತಿ ಸೀದಾ ಐತಿ."

"ಸೀದಾ ಹೋದ್ರ ಮಾವ ಸಿಟ್ಟಾಗತಾನ. ಇಷ್ಟ ಸನೇಕ ಬಂದು ಮಾರಿ ತೋರಸಲಿಲ್ಲ ಅಂದ್ರ ನಾಳೆ ಇವನ ಮದವಿಗೂ ಬರಂಗಿಲ್ಲ ಅವ."

ನಾನು ವಾದಿಸಿದೆ. ದೂರ ಹೆಚ್ಚಾಗುತ್ತದೆ ಎಂದೆ. ಎರೆ ಮಣ್ಣಿನ ರಸ್ತೆ, ಒಂದು ಅಡ್ಡಮಳೆ ಬಿದ್ದರೆ ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಗಾಲಿಯೇ ತಿರುಗುವುದಿಲ್ಲ ಎಂದೆ. ಜಾಲಿಮುಳ್ಳು, ಪಂಚರು, ಏರು, ಇಳಿಜಾರು. ಹೇಳಿದ್ದೆಲ್ಲ ನಿಜ, ಆದರೆ ಯಾವುದೂ ನನ್ನ ಮಾತಲ್ಲ. ನನ್ನ ಮಾತು ಒಂದೇ ಇತ್ತು: ಆ ಉಂಗುರಗಳೊಳಗೆ ನಾನು ಎಲ್ಲಿ ಕೂರುವುದು, ಎಲ್ಲಿ ಉಣ್ಣುವುದು? ನಮ್ಮ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು ಕೊಡುತ್ತಾರೆ, ಕಾಲಿನ ಪಸೆ ಆರುವುದರೊಳಗೆ "ಯಾವೂರು? ಯಾರ ಪೈಕಿ?" ಎಂದು ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ. ನೀರು ಕೊಟ್ಟಷ್ಟೇ ಸಹಜವಾಗಿ.

ಗೆಳೆಯನಿಗೆ ಇದು ಹೊಳೆದಿರಲಿಲ್ಲ. ಬೈಲಹೊಂಗಲದಲ್ಲಿ ಕಟ್ಟೆ, ಲೋಟ ಎಲ್ಲ ಮೊದಲೇ ಹೊಂದಿಕೊಂಡಿದ್ದರಿಂದ ಅವನು ಅದನ್ನು ಮರೆತೇಬಿಟ್ಟಿದ್ದ. ಅವರ ಮನೆಗಳೆಂದರೆ ನಮ್ಮಿಬ್ಬರ ಮನೆಗಳು ಎಂದೇ ಅವನ ಎಣಿಕೆ.

"ಸುತ್ತು ಅಂದ್ರ ಅಷ್ಟ್ಯಾಕ ಉರಕೋತಿ?" ಎಂದ. "ಒಮ್ಮಿ ರಾಮದುರ್ಗದ ಮಟ ಹೋಗಿ ಬರೂಣು. ಸೈಕಲ್ಲೂ ಗೊತ್ತಾಗತಾವು, ನಾವೂ ಗೊತ್ತಾಗತೇವಿ."

ಹೊರಟೆವು. ಮುರಗೋಡದಲ್ಲಿ ಮಾವನ ಮನೆಗೆ ಬೀಗ, ಮದುವೆಗೆ ಹೋಗಿದ್ದರು. ನನಗೆ ಒಂದು ಪರೀಕ್ಷೆ ಮುಂದೆ ಹೋದಷ್ಟು ಹಾಯೆನಿಸಿತು. ಸವದತ್ತಿಯಲ್ಲಿ ಗಾಳಿ ಬೆನ್ನಿಗಿದೆ, ಈಗ ನಿಂತರೆ ಕೆಟ್ಟೆವು ಎಂದೆ. ಹೂಲಿಯಲ್ಲಿ ನಿಂತರೆ ಅಕ್ಕ ಎರಡು ದಿನ ಬಿಡುವುದಿಲ್ಲ ಎಂದೆ. ಗೆಳೆಯ ಎರಡಕ್ಕೂ ತಲೆಯಾಡಿಸಿ ತುಳಿದ. ರಾಮದುರ್ಗ ಮುಟ್ಟುವಾಗ ಹೊತ್ತು ಇಳಿದಿತ್ತು. ನನ್ನ ತೊಡೆಗಳಲ್ಲಿ ಬಲವಿರಲಿಲ್ಲ, ಬಾಯಲ್ಲಿ ವಾದವೂ ಉಳಿದಿರಲಿಲ್ಲ.

ಅತ್ತೆ ದೊಡ್ಡ ಮೈಯ, ಸಣ್ಣ ದನಿಯ ಹೆಂಗಸು. ಕಾಲಿಗೆ ನೀರು ಕೊಟ್ಟು, "ಎಪ್ಪಾ, ಬಿಸಲಾಗ ಸುಟ್ಟ ಬದನಿಕಾಯಿ ಆಗೀರಿ. ಒಳಗ ಬರ್ರಿ," ಎಂದಳು. ಆಮೇಲೆ ನನ್ನನ್ನು ನೋಡಿ, "ಇಂವ ಯಾರ ಪೈಕಿ?"

ನಾನು ಬಾಯಿ ತೆರೆದೆ. ಗೆಳೆಯ ಮೊದಲಾದ.

"ಮುರಗೋಡ ಮಾಮಿಯ ತಂಗಿ ಮಗ, ಅತ್ತಿ."

ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿಸುತ್ತಾರೆ. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಬಂದ ಪಕ್ಷವನ್ನು ನಮ್ಮದೇ ಎಂಬಂತೆ ನುಡಿಯುವುದೇ ಅಲ್ಲಿಯ ಶಿಕ್ಷಣ. ಆ ಸಂಜೆ ಚೀಟಿಯನ್ನು ಬೇರೆಯವನು ಎತ್ತಿದ್ದ. ನಾನು ಒಳಗೆ ಹೋದೆ.

"ನಿಮ್ಮವ್ವನ ಮಣಕಾಲ ನೋವು ಹೆಂಗೈತಿ ತಮ್ಮಾ? ಮದವ್ಯಾಗ ನೋಡಿದ್ದೆ, ಕುಂತ್ರ ಏಳಾಕ ಆಗತಿದ್ದಿಲ್ಲ."

"ಈಗ ಅಡ್ಡಿಯಿಲ್ರಿ."

ನಮ್ಮವ್ವ ದಿನವೂ ತಲೆ ಮೇಲೆ ಗಾರೆ ಹೊತ್ತು ಏಣಿ ಹತ್ತುವವಳು. ಅವಳ ಮೊಣಕಾಲಿಗೆ ಏನೂ ಆಗಿರಲಿಲ್ಲ.

ಊಟಕ್ಕೆ ಮೊದಲು ಅತ್ತೆ ಎರಡು ಮಣೆ ಹಾಕಿ, ವಿಭೂತಿ, ನೀರು ತಂದಿಟ್ಟಳು. ಗೆಳೆಯ ಅಂಗಿಯೊಳಗಿನಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡ. ನಾನು ಸುಮ್ಮನೆ ಕೂತೆ. ಅತ್ತೆ ನನ್ನ ಬರಿಯ ಕೊರಳು ನೋಡಿದಳು.

"ಲಿಂಗ ಎಲ್ಲೈತಿ?"

"ಸೈಕಲ್ ಮ್ಯಾಲೆ ಕಳೀತೈತಿ ಅಂತ ಮನ್ಯಾಗ ಬಿಟ್ಟ ಬಂದಾನ," ಎಂದ ಗೆಳೆಯ. ಈ ಸುಳ್ಳಿನ ತೂಕ ಅವನಿಗೇ ಗೊತ್ತಿರಬೇಕಿತ್ತು. ಅವರಲ್ಲಿ ಮೈಮೇಲಿನ ಲಿಂಗವನ್ನು ಮನೆಯಲ್ಲಿ ಬಿಟ್ಟು ಬಂದೆ ಎನ್ನುವುದು ತಲೆಯನ್ನು ಮನೆಯಲ್ಲಿ ಬಿಟ್ಟು ಬಂದೆ ಎಂದಂತೆ.

ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಣ್ಣಲ್ಲಿ ನೀರು ತಂದುಕೊಂಡು, "ಇಷ್ಟ ದೂರದ ದಾರಿ ಹಿಡದೀರಿ, ಹಿಂಗ ಬರೂದೇನು ಕೂಸ?" ಎಂದು ತನ್ನ ಕೈಯಿಂದಲೇ ನನ್ನ ಹಣೆಗೆ ವಿಭೂತಿ ಎಳೆದಳು. "ಮುಂಜಾನೆ ಸ್ವಾಮ್ಯಾರನ್ನ ಕರಸತೇನಿ. ಇಲ್ಲೇ ಲಿಂಗ ಕಟ್ಟಿಸಿಕೊಂಡ ಹೋಗು. ಈಗ ಉಣ್ಣು."

ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಅಷ್ಟು ಅಕ್ಕರೆಯಿಂದ ನನಗೆ ಆವರೆಗೆ ಯಾರ ಮನೆಯ ಒಳಗೂ ಬಡಿಸಿರಲಿಲ್ಲ. ಬಡಿಸಿದ್ದು ನನಗಲ್ಲ ಎಂಬುದೊಂದೇ ತಕರಾರು.

ಬೆಳಿಗ್ಗೆ ಅವಳು ಚಹಾ ಕೊಟ್ಟು, ದಾರಿಗೆ ರೊಟ್ಟಿ ಕಟ್ಟಿ, ಸ್ವಾಮಿಗಳಿಗೆ ಹೇಳಿ ಕಳಿಸಲು ಬಾಗಿಲಿಗೆ ಬಂದಾಗ ನಾನು ಎದ್ದು ನಿಂತೆ. ಪರ, ವಿರೋಧ ಯಾವುದನ್ನೂ ಹೂಡಲಿಲ್ಲ.

"ಅವ್ವಾರ, ನಾ ಮುರಗೋಡದವರ ಪೈಕಿ ಅಲ್ರಿ. ಬೈಲಹೊಂಗಲದ ಗೌಂಡಿ ಮಗ. ಕೇರಿಯಾವ."

ಹಿಂದಿನ ಸಂಜೆಯಿಂದ ಅತ್ತೆ ಎನ್ನುತ್ತಿದ್ದವನು ಅವ್ವಾರ ಎಂದಿದ್ದು ಹೇಳಿದ ಮೇಲೇ ನನಗೆ ಗೊತ್ತಾಯಿತು. ಅವಳು ನನ್ನನ್ನು ನೋಡಲಿಲ್ಲ, ಅಣ್ಣನ ಮಗನನ್ನು ನೋಡಿದಳು. ಆಮೇಲೆ ಕೇಳಿದಳು:

"ಹಂಗಾರ ಆ ಮಣಕಾಲ ನೋವು?"

"ಅದು ಮುರಗೋಡದವರದ ರೀ. ನನಗ ಗೊತ್ತಿಲ್ಲ."

"ಹೂಂ. ಹುಷಾರಿಲೆ ಹೋಗ್ರಿ."

ರೊಟ್ಟಿಯ ಗಂಟನ್ನು ಗೆಳೆಯನ ಕೈಗೆ ಕೊಟ್ಟಳು. ನಾವು ಸೈಕಲ್ ಹೊರತೆಗೆಯುವಾಗ ನಾನು ಚಹಾ ಕುಡಿದ ಲೋಟ ಅಂಗಳದ ಗೋಡೆಯ ಮೇಲೆ ಬಿಸಿಲಿಗೆ ಹೋಗಿತ್ತು, ಒಂದೇ.

ವಾಪಸು ಬರುವಾಗ ಗಾಳಿ ಎದುರು. ತುಳಿದಷ್ಟೂ ಹಿಂದಕ್ಕೇ ಹೋಗುತ್ತಿದ್ದೇವೆ ಅನಿಸುವ ಗಾಳಿ. ಸವದತ್ತಿಯ ಏರಿನಲ್ಲಿ ಇಬ್ಬರೂ ಇಳಿದು ಸೈಕಲ್ ತಳ್ಳಿದೆವು.

"ನಿನಗ ಊಟ ಸಿಗಲಿ ಅಂತ ಹೇಳಿದೆ," ಎಂದ ಗೆಳೆಯ.

"ಒಂದ ಊಟಕ್ಕ ಅಪ್ಪನ್ನ ಬಿಟ್ಟಕೊಟ್ಟೆ. ಮಚಲಿಪಟ್ಟಣ ಮುಟ್ಟೂದರಾಗ ಎಷ್ಟ ಮಂದಿನ್ನ ಬಿಟ್ಟಕೊಡಬೇಕು?"

"ನೀ ಮದಲ ಹೇಳಬೇಕಿತ್ತು."

"ನೀ ಮದಲ ಕೇಳಬೇಕಿತ್ತು."

ಇಬ್ಬರಿಗೂ ಉಸಿರಿರಲಿಲ್ಲ. ನಾನು ಗೆದ್ದ ವಾದಗಳಲ್ಲಿ ಇಷ್ಟು ಸಪ್ಪೆಯಾದದ್ದು ಇನ್ನೊಂದಿಲ್ಲ, ಗೆದ್ದೆನೋ ಇಲ್ಲವೋ ಅದೂ ಗೊತ್ತಿಲ್ಲ. ಏರು ಮುಗಿದ ಮೇಲೆ ಗೆಳೆಯ ರೊಟ್ಟಿಯ ಗಂಟು ಬಿಚ್ಚಿ ನಡುವೆ ಇಟ್ಟ. ತಿಂದೆವು.

ಸುದ್ದಿ ನಮಗಿಂತ ಬೇಗ ಊರು ಸೇರಿತ್ತು, ಬಸ್ಸಿನಲ್ಲಿ. ಗೆಳೆಯನ ತಂದೆ ಕೂಗಾಡಲಿಲ್ಲ. ಭೂಪಟವನ್ನು ನಮ್ಮ ಕಡೆಗೆ ಸರಿಸಿ, "ನಿಮ್ಮ ರಸ್ತಾ ನೀವು ಹಿಡೀರಿ. ಖರೆ ನನ್ನ ಮನಿಗಳು ಇನ್ನ ಅದರ ಮ್ಯಾಲಿಲ್ಲ," ಎಂದರು. ಗೆಳೆಯ ಆ ಮನೆಗಳನ್ನು ಬಿಡುತ್ತಾನೋ ನನ್ನನ್ನೋ ಎಂದು ನಾನು ಕಾದೆ. ಅವನು ರಬ್ಬರು ತಂದ. ಉಂಗುರಗಳನ್ನು ಒಂದೊಂದಾಗಿ ಉಜ್ಜಿದ, ಹೂಲಿಯ ಅಕ್ಕನ ಉಂಗುರದ ಮೇಲೆ ಕೈ ತುಸು ನಿಂತಿತು. ಆಮೇಲೆ ನಾವು ಶಾಲೆಯ ಪಡಸಾಲೆ, ರೈಲು ನಿಲ್ದಾಣ, ಲಾರಿಗಳು ನಿಲ್ಲುವ ಹೋಟೆಲು ಇಂಥವುಗಳ ಮೇಲಿಂದ ಹೊಸ ಗೆರೆ ಎಳೆದೆವು. ನೆಟ್ಟಗಿತ್ತು. ಬಹಳ ಒಣಗಿದ ಗೆರೆ.

ಕಾರವಾರಕ್ಕೆಂದು ಹೊರಟ ದಿನ ಮೊದಲು ನಿಂತದ್ದು ಕಿತ್ತೂರಿನಲ್ಲಿ, ಹೆದ್ದಾರಿಯ ಬದಿಯ ಚಹಾದ ಅಂಗಡಿಯಲ್ಲಿ. ಎಲ್ಲರ ಲೋಟಗಳೂ ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ ಏಳುತ್ತಿದ್ದವು. ಅಂಗಡಿಯವನು ನಮ್ಮ ಕ್ಯಾರಿಯರಿನ ಹಾಸಿಗೆ ಗಂಟು ನೋಡಿ, ಚಹಾ ಸೋಸುತ್ತಲೇ ಕೇಳಿದ.

"ಯಾವೂರು ರೀ? ಯಾರ ಪೈಕಿ?"

ಗೆಳೆಯ ಈ ಸಲ ಉತ್ತರವನ್ನು ನನಗೇ ಬಿಟ್ಟ. ಬಗ್ಗಿ ತನ್ನ ಚೈನು ನೋಡತೊಡಗಿದ. ನಾನು ಹೇಳಿದೆ, ಕಾರವಾರಕ್ಕೆ ಹೊರಟದ್ದು, ಊರು, ಅಪ್ಪನ ಕೆಲಸ, ಕೇರಿ. ಅಷ್ಟರಲ್ಲಿ ಪುಣೆಯ ಕಡೆಯ ಲಾರಿಯೊಂದು ಹಾರ್ನು ಹೊಡೆಯುತ್ತ ಹಾದುಹೋಯಿತು. ಅಂಗಡಿಯವನು ಎರಡು ಲೋಟ ಮುಂದಿಟ್ಟು, "ಕಾರವಾರದ ಮಟ ಎದರ ಗಾಳಿ ರೀ," ಎಂದು ಬೇರೆ ಗಿರಾಕಿಯ ಕಡೆ ತಿರುಗಿದ.

"ಅವಂಗ ಕೇಳಸಿಲ್ಲ," ಎಂದ ಗೆಳೆಯ, ಮೆಲ್ಲಗೆ.

"ಇನ್ನೊಮ್ಮಿ ಹೇಳಲೇನು?"

"ಮಚಲಿಪಟ್ಟಣದ ಮಟ ಹೇಳೂದ ಐತಿ. ಮದಲ ಚಾ ಕುಡಿ."