ಕಡವಿನ ಮಾಸ್ತಮ್ಮ ಹೇಳದ ಹೆಸರು

ಶರಾವತಿಯ ಆಚೆ ದಡದಲ್ಲಿ ನಿಂತು ಯಾರಾದರೂ "ಕೂ" ಎಂದು ಕೂಗಿದರೆ ಸಾಕು, ಮಾಸ್ತಮ್ಮ ಒಲೆಯ ಮೇಲಿನ ಅನ್ನವನ್ನೂ ಬಿಟ್ಟು ದೋಣಿ ಕಟ್ಟುವ ಕಡವಿಗೆ ಓಡುತ್ತಿದ್ದಳು. ಹೊಸನಗರದ ಸಂತೆಗೆ ಹೋಗುವವರು, ಬಾಣಂತನಕ್ಕೆ ತವರಿಗೆ ಹೊರಟವರು, ಹೊಳೆ ನಡುವೆ ಕಣ್ಣು ಮುಚ್ಚಿ ಕೂರುತ್ತಿದ್ದ ಶಾಲೆ ಮೇಷ್ಟ್ರು, ಎಲ್ಲರನ್ನೂ ದೋಣಿಯಲ್ಲಿ ದಾಟಿಸಿದವಳು ಅವಳೇ. ಗಂಡ ಗುತ್ಯಪ್ಪ ಬದುಕಿದ್ದಾಗಲೂ ಅರ್ಧ ದಿನ ಹುಟ್ಟು ಅವಳ ಕೈಯಲ್ಲಿತ್ತು. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ಇಡೀ ದಿನ ಅವಳ ಕೈಗೇ ಬಂತು. ಊರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಕಂಡದ್ದು ಸರ್ಕಾರಕ್ಕೆ. ಅರವತ್ತೆರಡನೇ ಇಸವಿಯಲ್ಲಿ ದೋಣಿಗಳಿಗೆ ಪರವಾನಗಿ ಕೊಡುವ ಮಂಡಳಿಯೊಂದು ಬಂತು. ಅದರ ಇನ್ಸ್‌ಪೆಕ್ಟರು ಜೀಪಿನಲ್ಲಿ ಬಂದಿಳಿದು ದೋಣಿ ಯಾರದೆಂದು ಕೇಳಿದರು.

"ನಮ್ಮನೆಯವ್ರದ್ದು."

"ಹೆಸರೇನು ಅವರದು?"

ಮಾಸ್ತಮ್ಮ ಪಕ್ಕದಲ್ಲಿದ್ದ ನಾದಿನಿ ಕೆರಿಯಮ್ಮನ ಮುಖ ನೋಡಿದಳು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವಂತಿಲ್ಲ, ಪಕ್ಕದವರು ಹೇಳಬೇಕು. ಅದು ಹಿಂದಿನಿಂದ ಬಂದ ಪದ್ಧತಿ. ಕೆರಿಯಮ್ಮ ಬಾಯಿ ತೆರೆದಳು.

"ನೀನು ಸುಮ್ನಿರು, ಅವಳೇ ಹೇಳಲಿ," ಎಂದು ಇನ್ಸ್‌ಪೆಕ್ಟರು ಗದರಿದರು. ಮಾಸ್ತಮ್ಮ ಸೆರಗಿನ ತುದಿ ಹಿಂಡುತ್ತ ನಿಂತಳು.

"ಸತ್ತವನ ಹೆಸರು ಹೇಳೋಕೆ ಏನಮ್ಮಾ ಕಷ್ಟ?"

"ಸತ್ರೆ ಗಂಡ ಅಲ್ದೇ ಹೋಗ್ತಾರಾ ಸ್ವಾಮಿ?"

ಆ ಮಹಾನುಭಾವ ಬರೆದುಕೊಂಡು ಹೋದದ್ದು ಹೀಗೆ: ಅರ್ಜಿದಾರಳು ಹೆಂಗಸು, ಸ್ವಂತ ಗಂಡನ ಹೆಸರೂ ತಿಳಿಯದವಳು, ಜನರ ಜೀವ ಒಪ್ಪಿಸಲು ತಕ್ಕವಳಲ್ಲ. ಮಂಡಳಿ ಪರವಾನಗಿ ಇಲ್ಲವೆಂದಿತು. ದೋಣಿಯನ್ನು ದಡಕ್ಕೆಳೆದು ಬೋರಲು ಹಾಕಿಸಿದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಊರವರು ಉಪಾಯ ಹುಡುಕಿದರು. ಪರವಾನಗಿ ಮೈದುನ ಮಂಜುನಾಥಪ್ಪನ ಹೆಸರಿನಲ್ಲಿರಲಿ, ದೋಣಿ ಇವಳೇ ನಡೆಸಲಿ. ಮಂಡಳಿಯೂ ಒಪ್ಪಿ ತಲೆಯಾಡಿಸಿತು. ಮಂಜುನಾಥಪ್ಪನಿಗೆ ದೋಣಿ ಹತ್ತಿದರೆ ತಲೆ ಸುತ್ತುತ್ತಿತ್ತು. ಆದರೇನು, ಗಂಡಸಲ್ಲವೇ!

"ಹುಟ್ಟು ಹಾಕೋದು ನಾನು, ಹೆಸ್ರು ಅವಂದಾ? ಆಗಲ್ಲ," ಎಂದಳು ಮಾಸ್ತಮ್ಮ.

ಇದು ಸಾಗರದ ವಕೀಲ ಉಮಾಮಹೇಶ್ವರರ ಕಿವಿಗೆ ಬಿತ್ತು. ಅವರೂ ಒಮ್ಮೆ ತುಂಬಿದ ಹೊಳೆಯನ್ನು ಅವಳ ದೋಣಿಯಲ್ಲಿ ದಾಟಿದ್ದವರೇ. ಹೆಂಗಸೆಂಬ ಕಾರಣಕ್ಕೆ ಭೇದ ಮಾಡಲು ಸಂವಿಧಾನ ಬಿಡುವುದಿಲ್ಲ, ಮಂಡಳಿಯ ಮೇಲೆ ಹೈಕೋರ್ಟಿನಲ್ಲಿ ರಿಟ್ ಹಾಕೋಣ ಎಂದರು. ಅವಳಿಗೆ ಅರ್ಥವಾದದ್ದು ಅರ್ಧ.

"ಗೆದ್ರೆ ನನ್ ಹೆಸ್ರಿಗೇ ಬರ್ತದಾ ವಕೀಲ್ರೇ?"

"ಬರ್ಲೇಬೇಕು. ಅದಕ್ಕೇ ಹಾಕೋದು."

ಕೋರ್ಟಿನ ಕೆಲಸ ಬೇಗ ಮುಗಿಯುವಂಥದ್ದಲ್ಲ. ಮಾಸ್ತಮ್ಮ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ ಹೊಟ್ಟೆ ಹೊರೆದಳು. ಆಚೆ ದಡದಲ್ಲಿ ಕೂಗು ಕೇಳಿದಾಗಲೆಲ್ಲ ದಡಕ್ಕನೆ ಎದ್ದು, ನೆನಪಾಗಿ ಮತ್ತೆ ಬಗ್ಗುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಮರ ಬಿರಿಯದಿರಲೆಂದು ದೋಣಿಗೆ ಎಣ್ಣೆ ಬಳಿಯುವುದನ್ನು ಮಾತ್ರ ಬಿಡಲಿಲ್ಲ. ನಕ್ಕವರು ನಕ್ಕರು.

ಕೊನೆಗೆ ವಿಚಾರಣೆ ಬಂತು. "ಗಂಡಸು ಅರ್ಜಿ ಹಾಕಿದರೆ ಹೆಂಡತಿಯ ಹೆಸರು ಕೇಳಿ ಪರೀಕ್ಷೆ ಮಾಡುತ್ತೀರಾ?" ಎಂದು ನ್ಯಾಯಾಧೀಶರು ಮಂಡಳಿಯವರನ್ನು ಕೇಳಿದರಂತೆ. ಮಂಡಳಿಯ ಆದೇಶ ರದ್ದಾಯಿತು.

ಪರವಾನಗಿ ತಂದವರು ಅದೇ ಇನ್ಸ್‌ಪೆಕ್ಟರು. ಅದರಲ್ಲಿ 'ಮಾಸ್ತಮ್ಮ' ಎಂದು ಎಲ್ಲಿ ಬರೆದಿದೆಯೆಂದು ಕೇಳಿ, ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ದೋಣಿಗೂ ಒಂದು ಹೆಸರು ಬರೆಸ್ಬೇಕಮ್ಮಾ, ನಿಯಮ ಇದೆ," ಎಂದರು ಇನ್ಸ್‌ಪೆಕ್ಟರು. ಈ ಸಲ ದನಿ ಮೆತ್ತಗಿತ್ತು. "ಏನಂತ ಬರೆಸ್ತೀರಿ?"

ಅತ್ತಿಗೆಯ ಮನಸ್ಸು ಪಕ್ಕದಲ್ಲಿದ್ದ ಕೆರಿಯಮ್ಮನಿಗೆ ತಿಳಿಯಿತು. ಹೇಳಲು ಬಾಯಿ ತೆರೆದಳು. ಮಾಸ್ತಮ್ಮ ಅವಳ ಕೈ ಹಿಡಿದು ತಡೆದಳು.

"ಗುತ್ಯಪ್ಪ," ಎಂದಳು, ಆಚೆ ದಡಕ್ಕೂ ಕೇಳುವಂತೆ.