ದೀಪದ ಕುತ್ತಿಗೆಯ ಗೆರೆ

ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಮ್ಮ ದೊಡ್ಡಪ್ಪ, "ಬಲ್ಬುಗಳಿಗೆ ಟೋಪಿ ಹಾಕೋದು" ಅನ್ನುತ್ತಿದ್ದರು. ದೀಪದ ಕಂಪನಿಗೆ ಅವರೇ ಮೊದಲ ಕೆಲಸಗಾರ. ಆಗ ಕಂಪನಿಯೆಂದರೆ ಒಂದು ಬಾಡಿಗೆ ಶೆಡ್ಡು, ಒಂದು ಲೇತು, ಯಜಮಾನರು ಮತ್ತು ದೊಡ್ಡಪ್ಪ, ಅಷ್ಟೇ. ಗಿರಗಿರ ತಿರುಗುವ ಮರದ ಅಚ್ಚಿನ ಮೇಲೆ ಅಲ್ಯೂಮಿನಿಯಂ ತಗಡನ್ನು ಉದ್ದನೆಯ ಸಲಾಕೆಯಿಂದ ಒತ್ತಿ ಒತ್ತಿ ದೀಪದ ಟೋಪಿ, ಅಂದರೆ ಶೇಡು, ಮಾಡಬೇಕು. ಸಲಾಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಮೈಭಾರವನ್ನೆಲ್ಲ ಅದರ ಮೇಲೆ ಬಿಡಬೇಕು. ಅವರ ಬಲಭುಜ ಜೋತುಬಿದ್ದದ್ದು ಹಾಗೆ.

ಒಂದು ದಿನ ಅಚ್ಚಿನ ಅಂಟು ಬಿಟ್ಟು, ಎರಡು ತುಂಡು ಮರದ ನಡುವೆ ಸಂದು ತೆರೆದುಕೊಂಡಿತು. ದೊಡ್ಡಪ್ಪ ಗಮನಿಸಲಿಲ್ಲ. ತಗಡು ಆ ಸಂದಿಗೆ ಇಳಿದು, ಅವತ್ತಿನ ಟೋಪಿಗಳಿಗೆಲ್ಲ ಹೋಲ್ಡರ್ ಕೂರುವ ಕುತ್ತಿಗೆಯ ಸುತ್ತಲೂ ಒಂದು ಗೆರೆ ಬಿತ್ತು.

"ಕಣ್ಣು ಎಲ್ಲಿಟ್ಕೊಂಡಿದ್ಯೋ?" ಎಂದು ಯಜಮಾನರು ಕೆಂಡಾಮಂಡಲವಾದರು. ಬಿಸಾಡಲು ಮನಸ್ಸಾಗದೆ ಅದನ್ನೇ ಅಂಗಡಿಗಳಿಗೆ ಕಳಿಸಿದರು. ನೋಡಿದರೆ ಆ ಗೆರೆಯಿಂದ ತಗಡು ಗಟ್ಟಿಯಾಗಿತ್ತು. ಸ್ಕ್ರೂ ಎಷ್ಟು ಬಿಗಿದರೂ ಕುತ್ತಿಗೆ ಸೊಟ್ಟಗಾಗುತ್ತಿರಲಿಲ್ಲ. ಅಂಗಡಿಯವರು ಗೆರೆ ದೀಪವೇ ಬೇಕೆಂದು ದುಂಬಾಲು ಬಿದ್ದರು. ಯಜಮಾನರು ಬೇಕೆಂದೇ ಸಂದು ಬಿಟ್ಟು ಹೊಸ ಅಚ್ಚು ಮಾಡಿಸಿದರು. ಶೆಡ್ಡು ಹೋಗಿ ಫ್ಯಾಕ್ಟರಿಯಾಯಿತು, ಗೇಟಿನ ಮೇಲೆ ಗೆರೆ ದೀಪದ ಚಿತ್ರ ಬಂತು. ಕೊನೆಗೆ ಪ್ರೆಸ್ ಮೆಷಿನ್ ಬಂತು. ದೊಡ್ಡಪ್ಪನನ್ನು ಮನೆಗೆ ಕಳಿಸಿದರು.

ಅದನ್ನೂ ಅವರು ಹೊಟ್ಟೆಗೆ ಹಾಕಿಕೊಂಡರು. ಅವರಿಗಿದ್ದ ಆಸೆ ಒಂದೇ: ಆ ಗೆರೆ ತನ್ನ ಕೈಯಿಂದ ಬಂದದ್ದೆಂದು ಕಂಪನಿಯವರು ಒಂದೇ ಒಂದು ಸಲ ನಾಲ್ಕು ಜನರೆದುರು ಹೇಳಬೇಕು.

ಕಂಪನಿಯ ಐವತ್ತನೇ ವರ್ಷದ ಸಮಾರಂಭಕ್ಕೆ ಕರೆ ಬಂದಾಗ ದೊಡ್ಡಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು, "ಈ ಸಲ ಹೇಳೇ ಹೇಳ್ತಾರೆ, ನೀನೂ ಬಾರಮ್ಮ" ಎಂದು ನನ್ನನ್ನೂ ಹೊರಡಿಸಿದರು. ಅವರನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು ಕೂಡ! ಯಜಮಾನರು ತೀರಿಕೊಂಡಿದ್ದರು. ಮಗ ಮೈಕ್ ಹಿಡಿದ.

"ನಮ್ಮ ತಂದೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಈ ಗೆರೆ ಕಂಡುಹಿಡಿದರು. ನಾನು ಚಿಕ್ಕವನಾಗಿದ್ದಾಗ ಕಣ್ಣಾರೆ ನೋಡಿದ್ದೇನೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಪ್ಪನೂ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ. ದೊಡ್ಡಪ್ಪ ಕೈ ಜಗ್ಗಿ ಕೂರಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. "ಅವನು ಹಾಗೆ ಸುಳ್ಳು ಬೊಗಳ್ತಿದ್ರೆ ನೀವು ಬಾಯಿ ಮುಚ್ಕೊಂಡು ಕೂತಿದ್ರಲ್ಲ ದೊಡ್ಡಪ್ಪಾ!"

ಅವರು ಬಸ್ಸಿನ ಟಿಕೆಟನ್ನು ಮಡಚಿ ಇಸ್ತ್ರಿ ಶರ್ಟಿನ ಜೇಬಿಗೆ ಹಾಕಿಕೊಂಡರು.

"ಅಷ್ಟು ಓದಿದ ಹುಡುಗ, ಅಷ್ಟು ಜನರ ಮುಂದೆ ಸುಳ್ಳು ಹೇಳ್ತಾನೇನಮ್ಮಾ?" ಅಂದರು. "ನಂಗೇ ಎಲ್ಲೋ ನೆನಪು ತಪ್ಪಿರ್ಬೇಕು."