ಬೀರುವಿನಲ್ಲಿ ಉಳಿದ ಆಡಿನ ಕಥೆ

ಬೆಂಗಳೂರಿನ ನಾಗರಬಾವಿ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕಿಯಾಗಿರುವ ನಾನು ಈವರೆಗೆ ಬರೆದಿರುವುದು ಇಲಾಖೆಯ ಪತ್ರಗಳನ್ನು ಮಾತ್ರ. ಬೇರೆ ರೀತಿ ಬರೆಯಲು ತಿಳಿಯದ ಕಾರಣ ಈ ಸಂಗತಿಯನ್ನೂ ಅದೇ ಕ್ರಮದಲ್ಲಿ ನಿವೇದಿಸುತ್ತಿದ್ದೇನೆ. ತಪ್ಪಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಕಳೆದ ವರ್ಷ ನಮ್ಮ ಶಾಲೆಗೆ ಗ್ರಂಥಾಲಯ ಅನುದಾನ ಬಂದಿತು. ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದಿದ್ದರೆ ವಾಪಸು ಹೋಗುವ ಹಣವಾದ್ದರಿಂದ ಒಂದೇ ವಾರದಲ್ಲಿ ಪುಸ್ತಕಗಳು ಬಂದವು. ಎಲ್ಲವೂ ಬಣ್ಣದ ಚಿತ್ರಗಳ ಕಥೆಪುಸ್ತಕಗಳು. ಸದರಿ ಪುಸ್ತಕಗಳಿಗೆ ಶಾಲೆಯ ಮೊಹರು ಹಾಕಿ, ದಾಸ್ತಾನು ವಹಿಯಲ್ಲಿ ಬರೆದು ಬೀರುವಿನಲ್ಲಿಡುವ ಜವಾಬ್ದಾರಿಯನ್ನು ನನಗೆ ವಹಿಸಲಾಯಿತು. ಮಕ್ಕಳಿಗೆ ಯಾವಾಗ ಕೊಡಬೇಕೆಂದು ಕೇಳಿದಾಗ ಮುಖ್ಯೋಪಾಧ್ಯಾಯರು ಕುಡಿಯುತ್ತಿದ್ದ ಟೀ ಲೋಟ ಕೆಳಗಿಟ್ಟರು.

“ಒಂದು ಪುಸ್ತಕ ಕಳೆದ್ಹೋದ್ರೂ ನನ್ ಪೆನ್ಷನ್ ತಡೀತಾರೆ ಮೇಡಂ. ಈ ಮಕ್ಳು ಮೂಗೊರೆಸಿ ವಾಪಸ್ ಕೊಡ್ತವೆ. ಬೀಗ ಹಾಕಿ.”

ಹಾಕಿದೆ.

ಮೂರನೇ ತರಗತಿಯಲ್ಲಿ ಯಾದಗಿರಿ ಕಡೆಯ ಹುಡುಗಿಯೊಬ್ಬಳಿದ್ದಳು. ತಂದೆತಾಯಿ ಎದುರಿನ ಅಪಾರ್ಟ್‌ಮೆಂಟ್ ಕಟ್ಟುವ ಕೆಲಸಕ್ಕೆ ಬಂದವರು. ವಾಸ ಅಲ್ಲಿಯೇ ತಗಡಿನ ಶೆಡ್ಡಿನಲ್ಲಿ. ಎರಡು ವರ್ಷ ಅಕ್ಷರ ಕೂಡಿಸಲು ತಿಣುಕಿದ ಆಕೆ ಆಗಷ್ಟೇ ಓದಲು ಕಲಿತಿದ್ದಳು. ಪಠ್ಯಪುಸ್ತಕ ಮುಗಿದ ಮೇಲೆ ಬಿಸಿಯೂಟದ ಎಣ್ಣೆ ಪ್ಯಾಕೆಟ್ಟು, ಕಂಬಕ್ಕೆ ಅಂಟಿಸಿದ ಬಾಡಿಗೆ ಮನೆಯ ಚೀಟಿ, ಸಿಕ್ಕಿದ್ದೆಲ್ಲವನ್ನೂ ಬೆರಳಿಟ್ಟು ಓದುತ್ತಿದ್ದಳು.

ಪರಿಶೀಲನೆಗೆ ಅಧಿಕಾರಿಗಳು ಬಂದ ದಿನ ಬೀರು ತೆರೆಯಲಾಯಿತು. ಮಕ್ಕಳನ್ನು ಅಂಗಳದಲ್ಲಿ ಕೂರಿಸಿ, ಒಬ್ಬೊಬ್ಬರಿಗೂ ಒಂದೊಂದು ಪುಸ್ತಕ ಕೊಟ್ಟು, ಓದುವವರಂತೆ ತಲೆ ಬಗ್ಗಿಸಲು ಸೂಚಿಸಲಾಯಿತು. ಫೋಟೋ ತೆಗೆದು ಇಲಾಖೆಗೆ ಕಳುಹಿಸಿದ ಕೂಡಲೇ ಅಧಿಕಾರಿಗಳು ಚೌಚೌಬಾತ್ ಸೇವಿಸಲು ಮುಖ್ಯೋಪಾಧ್ಯಾಯರ ಕೊಠಡಿಗೆ ತೆರಳಿದರು. ನಾನು ಪುಸ್ತಕಗಳನ್ನು ವಾಪಸು ಪಡೆಯತೊಡಗಿದೆ. ಆ ಹುಡುಗಿ ಮಾತ್ರ ನಿಜವಾಗಿಯೂ ಓದುತ್ತಿದ್ದಳು. ದಾರಿ ತಪ್ಪಿದ ಆಡೊಂದರ ಕಥೆ. ಎರಡು ಪುಟ ಬಾಕಿ ಇತ್ತು. ನಾನು ಎಳೆದೆ, ಅವಳು ಬಿಡಲಿಲ್ಲ, ಮತ್ತೆ ಎಳೆದೆ. ಒಳಗಿನಿಂದ ನಗುವೂ ಕೇಸರಿಬಾತಿನ ತುಪ್ಪದ ವಾಸನೆಯೂ ಬರುತ್ತಿದ್ದವು. ಆ ವಾಸನೆ ಇಂದಿಗೂ ನನಗೆ ಹೇಸಿಗೆ. ಎಳೆದ ಕೈ ನನ್ನದೇ ಎಂಬುದರ ಹೇಸಿಗೆ ಅದಕ್ಕಿಂತ ಹೆಚ್ಚು.

ಬೇಸಿಗೆ ರಜೆಗೆ ಮೊದಲೇ ಕಟ್ಟಡದ ಕೆಲಸ ಮುಗಿಯಿತು. ಕೆಂಗೇರಿಯಾಚೆ ಬೇರೆ ಕೆಲಸ ಸಿಕ್ಕಿದೆಯೆಂದು ತಾಯಿ ವರ್ಗಾವಣೆ ಪತ್ರಕ್ಕೆ ಬಂದಾಗ ಹುಡುಗಿಯೂ ಜೊತೆಗಿದ್ದಳು. ಅಲ್ಲಿ ಹತ್ತಿರ ಶಾಲೆಯಿದೆಯೇ ಎಂದು ವಿಚಾರಿಸಿದೆ. ತಿಳಿಯದು, ಹೋಗಿ ನೋಡಬೇಕು ಎಂದರು ತಾಯಿ. ಹುಡುಗಿ ಬೀರುವನ್ನೇ ನೋಡುತ್ತಿದ್ದಳು.

“ಟೀಚರ್, ಆ ಆಡು ಮನಿಗಿ ಹೋತೇನ್ರಿ?”

ಬೀಗದ ಕೈ ನನ್ನ ಬ್ಯಾಗಿನಲ್ಲಿತ್ತು. ಬೀರು ಮೂರು ಹೆಜ್ಜೆ ದೂರ. ಎದುರಿಗೆ ಮುಖ್ಯೋಪಾಧ್ಯಾಯರು ಪತ್ರಕ್ಕೆ ಮೊಹರು ಒತ್ತುತ್ತಿದ್ದರು. ಅಷ್ಟೂ ಪುಸ್ತಕಗಳ ಹೆಸರು ಬರೆದಿದ್ದ ನಾನು ಒಂದನ್ನೂ ಓದಿರಲಿಲ್ಲ. ಹೋಯಿತೆಂದು ಸುಳ್ಳು ಹೇಳಿದೆ.

“ದಾರಿ ಯಾರ್ ತೋರಿಸ್ಯಾರ್ರಿ?”

ಮೊಹರು ಬಿದ್ದ ಪತ್ರವನ್ನು ತಾಯಿಯ ಕೈಗೆ ಕೊಟ್ಟೆ. ಅವರು ಹೋದ ಮೇಲೆ ಬೀರು ತೆರೆದು ಆ ಎರಡು ಪುಟ ಓದಿದೆ. ಹುಲ್ಲು ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು ಆಡನ್ನು ಮನೆ ಮುಟ್ಟಿಸಿದ್ದಳು. ಓದಿ, ಪುಸ್ತಕವನ್ನು ಅದರ ಕ್ರಮಸಂಖ್ಯೆಯ ಜಾಗದಲ್ಲಿಯೇ ಇಟ್ಟು, ಬೀಗ ಹಾಕಿದೆ.